ತಣ್ಣಗಿನ ಎಂಜಿನ್ನಿನ ಮೊದಲ ಸದ್ದು

ಎಲ್ಲರೂ ಆತನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬಾನೆಟ್ ಎತ್ತುವ ಮೊದಲೇ ಸದ್ದು ಕೇಳಿ ಎಂಜಿನ್ನಿನ ಕಾಯಿಲೆ ಹೇಳುತ್ತಾನೆಂಬ ಹೆಸರು ಆತನಿಗಿತ್ತು. ಬಿಚ್ಚಿ ಕಟ್ಟಿದ ಎಂಜಿನ್ ಗ್ಯಾರೇಜಿನಲ್ಲೇ ಒಂದು ರಾತ್ರಿ ತಣ್ಣಗಾಗಬೇಕು. ಬೆಳಿಗ್ಗೆ, ಜೊತೆಗೆ ಕೆಲಸ ಮಾಡುವ ಆತನ ತಮ್ಮ ಕೀಲಿ ತಿರುಗಿಸಬೇಕು. ಅಣ್ಣ ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳಬೇಕು. ಆತ 'ಸರಿ' ಎಂದರೆ ಗಾಡಿ ಹೊರಗೆ, ತಲೆಯಾಡಿಸಿದರೆ ಮತ್ತೆ ಒಳಗೆ. ಆ ಗಳಿಗೆಯಲ್ಲಿ ಬೇರೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಹಾಗೆಂದು ಯಾರೂ ಕಟ್ಟಪ್ಪಣೆ ಮಾಡಿರಲಿಲ್ಲ. ಗೌರವವೇ ಕಾಲಕ್ರಮದಲ್ಲಿ ಕಟ್ಟಳೆಯಾಗಿ ಗಟ್ಟಿಗೊಂಡಿತ್ತು.

"ಎಂಜಿನ್ ಪಿಸುಗುಟ್ಟಿದ್ರೂ ಕೇಳುತ್ತೆ, ಹೆಂಡ್ತಿ ಕೂಗಿದ್ರೂ ಕೇಳಲ್ಲ" ಎಂದು ಮನೆಯಲ್ಲಿ ಹೆಂಡತಿ ಹಂಗಿಸುತ್ತಿದ್ದಳು. ಮೇಸ್ತ್ರಿ ನಗುತ್ತಿದ್ದ. ಎಲ್ಲ ಗಂಡಂದಿರೂ ಕೇಳುವ ಮಾತೆಂದು ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅಣ್ಣತಮ್ಮಂದಿರಿಬ್ಬರಿಗೂ ಒಬ್ಬಳೇ ಅಕ್ಕ. ಭಾವ ಹಾಸಿಗೆ ಹಿಡಿದ ಮೇಲೆ ಆತನ ಟ್ಯಾಕ್ಸಿಯ ಸ್ಟೀರಿಂಗ್ ಅವಳ ಕೈಗೆ ಬಂದಿತ್ತು. ಮನೆಯ ಒಲೆ ಉರಿಯುತ್ತಿದ್ದುದು ಆ ಗಾಡಿಯಿಂದ. ಒಂದು ದಿನ ಅವಳು ಗಾಡಿ ತಂದು ನಿಲ್ಲಿಸಿದಳು.

"ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತೆ ಕಣೋ. ಆಮೇಲೆ ತಾನಾಗೇ ನಿಂತುಹೋಗುತ್ತೆ."

"ಟೈಮಿಂಗ್ ಚೈನ್ ಸಡಿಲ ಆಗಿದೆ ಅಕ್ಕಾ. ನೀನು ಹೇಳಿದ್ಮೇಲೆ ಕೇಳೋದೇ ಬೇಡ" ಎಂದ ಮೇಸ್ತ್ರಿ.

ಎಂಜಿನ್ನಿನ ಮುಂದಿನ ಕವರ್ ಬಿಚ್ಚಿದಾಗ ಅವನ ಮಾತು ನಿಜವಾಯಿತು. ಪಿಸ್ಟನ್ನಿನ ಲಯಕ್ಕೆ ತಕ್ಕಂತೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಆ ಚೈನು ಹಿಗ್ಗಿ ಜೋಲುತ್ತಿತ್ತು. ಅದು ಸುತ್ತುವ ಗಾಲಿಗಳ ಹಲ್ಲುಗಳು ಒಂದೇ ಮಗ್ಗುಲಿಗೆ ಸವೆದು ಕೊಕ್ಕೆಯಾಗಿದ್ದವು. ಚೈನು ಒರಗಿ ಓಡುವ ಪ್ಲಾಸ್ಟಿಕ್ ಪಟ್ಟಿಗಳಲ್ಲಿ ಗೀರುಗಳು ಬಿದ್ದಿದ್ದವು. ಎಲ್ಲವನ್ನೂ ಹೊಸದು ಹಾಕಿದರು. ಎಣ್ಣೆಯ ಒತ್ತಡದಿಂದ ಚೈನನ್ನು ಬಿಗಿಹಿಡಿಯುವ ಟೆನ್ಷನರ್ ಮಾತ್ರ ಅಂಗಡಿಯವನು ಬೇರೆ ಅಳತೆಯದನ್ನು ಕಳಿಸಿದ್ದ. ಮೇಸ್ತ್ರಿ ಹಳೆಯದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಗಟ್ಟಿಯಾಗೇ ಇದೆ."

"ಬದಲಾಯಿಸಿ ತರಿಸೋಣ್ವಾ ಅಣ್ಣಾ?" ಎಂದ ತಮ್ಮ.

"ಅದು ಬರೋತನಕ ಅಕ್ಕ ಮನೇಲಿ ಕೂತು ಏನು ಮಾಡ್ತಾಳೆ? ಇದನ್ನೇ ಹಾಕಿ ಬೆಳಿಗ್ಗೆ ಕೇಳೋಣ. ಕೆಟ್ಟಿದ್ರೆ ಅದೇ ಬಾಯಿ ಬಿಡುತ್ತೆ."

ಮರುದಿನ ಬೆಳಿಗ್ಗೆ ಅಕ್ಕ ಬಂದು ಬಾಗಿಲ ಬಳಿ ನಿಂತಿದ್ದಳು. ತಮ್ಮ ಕೀಲಿ ತಿರುಗಿಸಿದ. ಕರಕರ ಸದ್ದೊಂದು ಎದ್ದು, ಉಸಿರು ಬಿಡುವಷ್ಟು ಹೊತ್ತು ಇದ್ದು ಅಡಗಿತು. ತಮ್ಮನಿಗೆ ಕೇಳಿಸಿತು. ಅಕ್ಕನಿಗೂ ಕೇಳಿಸಿತು, ಅವಳು ಹುಬ್ಬು ಗಂಟಿಕ್ಕಿ ಕಿರಿಯವನ ಕಡೆ ನೋಡಿದಳು. ಅವನು ಅಣ್ಣನ ಕಡೆ ನೋಡಿದ. ಅಣ್ಣನ ಮುಖ ನಿದ್ದೆಹೋದ ಮಗುವಿನ ಮುಖದಷ್ಟು ನಿರಾಳವಾಗಿತ್ತು.

"ಸರಿ" ಎಂದ ಮೇಸ್ತ್ರಿ.

ಹಾಗಾದರೆ ಹೊಸ ಚೈನಿಗೆ ಅಷ್ಟು ಸದ್ದು ಸಹಜವಿರಬೇಕೆಂದು ತಮ್ಮ ತನ್ನ ಕಿವಿಯನ್ನೇ ಅನುಮಾನಿಸಿದ. ಅಕ್ಕ ಸಮಾಧಾನದಿಂದ ಗಾಡಿ ಹೊರಡಿಸಿದಳು.

ವಾರ ಕಳೆಯುವುದರೊಳಗೆ ಸೇತುವೆಯ ಏರಿನಲ್ಲಿ ಎಂಜಿನ್ ಲಟಕ್ಕೆಂದು ನಿಂತಿತು. ಅವಳಿಗೆ ಏನೂ ಆಗಲಿಲ್ಲ. ಗಾಡಿಯನ್ನು ಹಗ್ಗ ಕಟ್ಟಿ ಎಳೆತಂದರು. ಬಿಚ್ಚಿದರೆ, ಚೈನು ಹಲ್ಲು ತಪ್ಪಿ ಹಾರಿತ್ತು. ಪಿಸ್ಟನ್ನುಗಳಿಗೆ ಬಡಿದು ವಾಲ್ವುಗಳು ಬಾಗಿದ್ದವು. ಒಂದರ ತಲೆ ಮುರಿದು, ಪಿಸ್ಟನ್ನನ್ನು ತೂತು ಮಾಡಿ, ಸಿಲಿಂಡರಿನ ಗೋಡೆಯನ್ನು ಸೀಳಿತ್ತು. ಮೇಸ್ತ್ರಿ ಟಾರ್ಚು ಹಿಡಿದು ಬಹಳ ಹೊತ್ತು ಒಳಗೆ ನೋಡಿದ.

"ಹಳೇ ಟೆನ್ಷನರ್ ಸೋತಿದ್ರೆ ಅವತ್ತೇ ಸದ್ದು ಬರ್ಬೇಕಿತ್ತಲ್ಲೋ? ಚೂರೂ ಇರಲಿಲ್ಲ."

"ಇತ್ತು ಅಣ್ಣಾ" ಎಂದ ತಮ್ಮ, ನೆಲ ನೋಡುತ್ತ.

"ನನಗೂ ಕೇಳಿಸ್ತು. ನೀನು ಸರಿ ಅಂದ್ಯಲ್ಲ ಅಂತ ಸುಮ್ಮನಾದೆ" ಎಂದಳು ಅಕ್ಕ.

"ಇಬ್ಬರೂ ಸೇರಿ ನನ್ನ ಆಟ ಆಡಿಸ್ತಿದೀರಾ?"

ಮೂಲೆಯಲ್ಲಿ ಇದೇ ಕಾಯಿಲೆಯ ಇನ್ನೊಂದು ಕಾರು ಸರದಿ ಕಾಯುತ್ತಿತ್ತು. ಬಂದಾಗಿನಿಂದ ಅದನ್ನು ಸ್ಟಾರ್ಟ್ ಮಾಡಿರಲಿಲ್ಲ. ಮೇಸ್ತ್ರಿ ಅದರ ಬಾನೆಟ್ ಎತ್ತಿ, ಕಿವಿಯನ್ನು ಎಂಜಿನ್ನಿಗೆ ತಾಗಿಸುವಷ್ಟು ಬಗ್ಗಿ ಸನ್ನೆ ಮಾಡಿದ. ತಮ್ಮ ಕೀಲಿ ತಿರುಗಿಸಿದ.

"ಈಗ ಬರ್ತಾ ಇದೆ" ಎಂದು ತಮ್ಮ ಕೂಗಿ ಹೇಳಿದ. "ಈಗ ನಿಂತಿತು."

ಮೇಸ್ತ್ರಿಗೆ ಆ ಎರಡು ಗಳಿಗೆಗಳ ನಡುವೆ ಯಾವ ಭೇದವೂ ತಿಳಿಯಲಿಲ್ಲ. ಗೋಡೆಯಾಚೆಗಿನ ಗಿರಣಿಯಂತೆ ದಪ್ಪನೆಯ ಒಂದೇ ಮೊರೆತ. ಯಾವಾಗಿನಿಂದ ಹೀಗಿತ್ತೋ, ಇದಕ್ಕೂ ಹಿಂದೆ ಎಷ್ಟು ಗಾಡಿಗಳಿಗೆ 'ಸರಿ' ಎಂದಿದ್ದನೋ, ಅವು ಈಗ ಯಾವ ರಸ್ತೆಗಳಲ್ಲಿ ಯಾರನ್ನು ಹೊತ್ತು ಓಡುತ್ತಿವೆಯೋ. ಆತ ಬಾನೆಟ್ಟಿನ ಅಂಚು ಹಿಡಿದು ನಿಂತ.

"ನಮ್ಮ ಗಾಡಿ ಮತ್ತೆ ಓಡುತ್ತೇನೋ?" ಅಕ್ಕ ಹತ್ತಿರ ಬಂದು ಕೇಳಿದಳು.

"ಇಲ್ಲ ಅಕ್ಕಾ."

ಅವಳು ಬೈಯಲಿಲ್ಲ. ಬೈದಿದ್ದರೆ ಆತನಿಗೆ ಅಳಲಾದರೂ ಒಂದು ನೆಪ ಸಿಗುತ್ತಿತ್ತು.

"ನಾಳೆಯಿಂದ ನೀನೇ ಕೇಳು" ಎಂದ ಮೇಸ್ತ್ರಿ ತಮ್ಮನಿಗೆ.

"ನನಗೆ ಬರಲ್ಲ ಅಣ್ಣಾ. ಇಷ್ಟು ವರ್ಷ ನಾನು ಎಂಜಿನ್ ಎಲ್ಲಿ ಕೇಳ್ತಿದ್ದೆ? ನಿನ್ನ ಮುಖ ನೋಡ್ತಿದ್ದೆ."

ಅಕ್ಕ ಆಗಲೇ ಟ್ಯಾಕ್ಸಿಯೊಳಗೆ ಬಗ್ಗಿ ಬೆನ್ನಿಗಿಡುವ ದಿಂಬು, ನೀರಿನ ಬಾಟಲಿ, ಗಾಜು ಒರೆಸುವ ಬಟ್ಟೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಅಣ್ಣತಮ್ಮಂದಿರು ನೋಡುತ್ತ ನಿಂತರು. ಅವು ಗಾಡಿಯಲ್ಲೇ ಇರಲಿ ಬಿಡು ಎನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ.