ತೊಳೆಯುವುದು ಬೇಡ ಎಂದವನು ನಾನು

ಶಿವಲೀಲಾ ಮೇಡಂ, ಆ ಎರಡು ಎಮ್ಮೆಗಳ ಬಗ್ಗೆ ನೀವು ನನಗೆ ಹೇಳಿದ್ದಿರಿ. ವಿಚಾರಣೆಯಲ್ಲಿ ನಾನು ಇಲ್ಲ ಎಂದದ್ದು ಸುಳ್ಳು. ಬಾಯಿ ತಪ್ಪಿ ಬಂದದ್ದಲ್ಲ—ಗೊತ್ತಿದ್ದೇ ಹೇಳಿದ ಸುಳ್ಳು.

ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ನೀವು ಅಫಜಲಪುರದಿಂದ ನಮ್ಮ ಪಶು ಆಸ್ಪತ್ರೆಗೆ ವರ್ಗವಾಗಿ ಬರುವ ಹೊತ್ತಿಗೆ ನಾನಲ್ಲಿ ವೈದ್ಯನಾಗಿ ಹನ್ನೊಂದು ವರ್ಷ ಕಳೆದಿದ್ದೆ. ಕಸಾಯಿಖಾನೆಗೆ ಹೋಗಿ ಮಾಂಸ ಪರೀಕ್ಷಿಸಿ ಮುದ್ರೆ ಒತ್ತುವುದು ನನಗೆ ಮೂಗು ಮುಚ್ಚಿಕೊಂಡು ಮುಗಿಸುವ ಕೆಲಸ. ನೀವು ಬಂದ ಮೊದಲ ವಾರವೇ ಸಗಣಿ ಮೆತ್ತಿದ ಎಮ್ಮೆಯೊಂದನ್ನು ಹೊರಗೇ ನಿಲ್ಲಿಸಿದಿರಿ. ಹೊಟ್ಟೆಯಡಿಯ ಹೊಲಸು ಸುಲಿಯುವಾಗ ಚಾಕುವಿಗೆ, ಕೈಗೆ, ಕೈಯಿಂದ ಮಾಂಸಕ್ಕೆ ಹೇಗೆ ದಾಟುತ್ತದೆಂದು ಕಟುಕರಾದ ಖಾಸಿಂ ಸಾಬರಿಗೆ ತೋರಿಸಿದಿರಿ. ಮೂವತ್ತು ವರ್ಷ ಅದೇ ಕೆಲಸ ಮಾಡಿದ ಆ ಮನುಷ್ಯ ಮೈ ತೊಳೆದು, ಒಣಗಿದ ಮೇಲೆಯೇ ದನ ಒಳಗೆ ಬಿಡುವುದನ್ನು ನಿಮ್ಮಿಂದ ಕಲಿತರು.

ಆಮೇಲೆ ರೈತರೂ ನಿಮ್ಮನ್ನೇ ಕೇಳತೊಡಗಿದರು. ಡಾಕ್ಟರ್ ಬಾಯಾರು—ಗೌರವದಿಂದ ನಿಮ್ಮನ್ನು ಹಾಗೇ ಕರೆಯುತ್ತಿದ್ದರು—ಇಲ್ಲವೇ ಎಂದು ನನ್ನೆದುರು ನಿಂತೇ ಕೇಳುತ್ತಿದ್ದರು. ಬರುತ್ತಾರೆ, ಕೂಡ್ರಿ ಎನ್ನುತ್ತಿದ್ದೆ, ನಗುತ್ತಲೂ ಇದ್ದೆ. ಒಳಗೆ—ಏನೆಂದು ಹೇಳಲಿ—ನಿಮ್ಮ ಗಮ್‌ಬೂಟು ಬಾಗಿಲ ಬಳಿ ಕಂಡರೂ ಮೈ ಉರಿಯುತ್ತಿತ್ತು. ನಿಮ್ಮದೊಂದು ತಪ್ಪು ಸಿಕ್ಕೀತೇ ಎಂದು ಕಡತಗಳನ್ನು ತಿರುವಿ ಹಾಕಿದ್ದೇನೆ. ಸಿಗಲಿಲ್ಲ.

ಮಳೆಗಾಲದ ಒಂದು ಸಂಜೆ ಖಜೂರಿ ಕಡೆಯಿಂದ ಎರಡು ಮುದಿ ಎಮ್ಮೆಗಳು ಬಂದವು. ಲಾರಿಯಲ್ಲಿ ನೆನೆದು, ಸಗಣಿಯಲ್ಲೇ ಮಲಗಿ, ಬಾಲದಿಂದ ಎದೆಯವರೆಗೆ ಚರ್ಮವೇ ಕಾಣುತ್ತಿರಲಿಲ್ಲ. ರೋಗವಿಲ್ಲವೆಂದು ಪರೀಕ್ಷಿಸಿ ಬರೆದಿಟ್ಟಿರಿ. ಮರುದಿನ ತಾಯಿಯ ಕಣ್ಣಿನ ಆಪರೇಷನ್‌ಗೆ ನೀವು ಕಲಬುರಗಿಗೆ ಹೋಗಬೇಕಿತ್ತು. ಹೊರಡುವ ಮುನ್ನ ನನ್ನ ಬಳಿ ಬಂದಿರಿ.

"ಸರ್, ಇವು ತೊಳದು ಒಣಗೋತನಕ ಒಳಗ ಬಿಡಬ್ಯಾಡ್ರಿ. ನಾಳೆ ಆಗದಿದ್ರ ನಾಡದ್ದ ಆಗ್ಲಿ."

ಆಗಲಿ ಎಂದೆ.

ಬೆಳಿಗ್ಗೆ ಖಾಸಿಂ ಸಾಬರು ನೀರಿನ ಪೈಪು ಹಿಡಿದೇ ನಿಂತಿದ್ದರು. ಮಟಕಿ ಊರಿನ ಮದುವೆಯೊಂದಕ್ಕೆ ಮಾಂಸ ಹೋಗಬೇಕಿತ್ತು, ಅವಸರವಿತ್ತು. ಆದರೂ ಕೇಳಿದರು: "ತೊಳೀಲೇನ್ರಿ ಸಾಹೇಬ್ರ? ಬಾಯಾರು ಹೇಳಿ ಹೋಗ್ಯಾರ್ರಿ."

ಬಾಯಾರು—ನಾನು ಎದುರಿಗಿದ್ದರೂ ಬಾಯಾರು.

"ತೊಳಿಯೂದು ಬ್ಯಾಡ. ಇವತ್ತು ನಾ ಇದ್ದೇನಿ."

ನೀವು ಪರೀಕ್ಷಿಸಿದ ಎಮ್ಮೆಯ ಮೇಲೆಯೇ ಒಂದು ದೂರು ಬರಲಿ—ನನ್ನ ಮನಸ್ಸಿನಲ್ಲಿದ್ದದ್ದು ಅದು. ಸುಲಿಯುವಾಗ ಸಗಣಿ ಮೆತ್ತಿದ ಚರ್ಮ ಮಗುಚಿ ತೊಡೆಯ ಮಾಂಸಕ್ಕೆ ತಾಗಿದ್ದನ್ನು ಕಣ್ಣಾರೆ ಕಂಡೆ. ಆ ಭಾಗವನ್ನು ಕತ್ತರಿಸಿ ತೆಗೆಸಬಹುದಿತ್ತು. ಮುದ್ರೆ ಒತ್ತಿದೆ.

ಮದುವೆಯಲ್ಲಿ ಕೀಮಾ ಕಬಾಬು ಅರೆಬರೆ ಬೆಂದಿತ್ತಂತೆ. ಮೂರನೆಯ ದಿನ ವಾಂತಿ, ಭೇದಿ ಎಂದು ಜನ ಆಸ್ಪತ್ರೆ ಸೇರಿದರು. ಹೆಚ್ಚಿನವರು ಚೇತರಿಸಿಕೊಂಡರು. ಮದುಮಗನ ಅಣ್ಣನ ಮಗಳು, ಆರು ವರ್ಷದ ರುಕ್ಸಾನಾಳಿಗೆ ರಕ್ತಭೇದಿಯಾಗಿ, ಮೂತ್ರವೇ ನಿಂತು—ಕಿಡ್ನಿಗೆ ಹೊಡೆದಿತ್ತು. ಕಲಬುರಗಿಯಲ್ಲಿ ಡಯಾಲಿಸಿಸ್ ಮಾಡಿ ಉಳಿಸಿದರು.

ವಿಚಾರಣೆಯಲ್ಲಿ, ನಾನು ಹೋಗುವಷ್ಟರಲ್ಲಿ ಸುಲಿದಾಗಿತ್ತು, ಮಾಂಸದ ಮೇಲೆ ಹೊಲಸು ಕಾಣಲಿಲ್ಲ ಎಂದೆ. ನೀವು ಏನೂ ಹೇಳಿರಲಿಲ್ಲ ಎಂದೆ. ಖಾಸಿಂ ಸಾಬರು ನೆಲ ನೋಡುತ್ತ ಕುಳಿತಿದ್ದರು. ಅವರ ಪರವಾನಗಿ ನನ್ನ ಶಿಫಾರಸಿನ ಮೇಲೆ ನಿಂತಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ನೀವು ಜಗಳವಾಡಲಿಲ್ಲ. ನನ್ನ ಕಡೆ ತಿರುಗಿ ಒಂದೇ ಸಲ ಕೇಳಿದಿರಿ: "ಸರ್, ನಾ ನಿಮಗ ಹೇಳಿಲ್ಲೇನ್ರಿ?"

"ಇಲ್ರಿ."

ಎಮ್ಮೆಗಳನ್ನು ಪರೀಕ್ಷಿಸಿ ಬರೆದುಕೊಟ್ಟವರು ನೀವೆಂದು ತಪ್ಪೆಲ್ಲ ನಿಮ್ಮ ಮೇಲೆ ಬಂತು, ನಿಮ್ಮ ಬಡ್ತಿ ನಿಂತಿತು. ಜೇವರ್ಗಿಯ ಮೂಲೆಯ ಹಳ್ಳಿಯೊಂದಕ್ಕೆ ವರ್ಗವಾಯಿತು. ಮತ್ತೆ—ಬರೆಯಲು ನಾಚಿಕೆಯಾಗುತ್ತದೆ—ಅಲ್ಲಿಯೂ ಜನ ನಿಮ್ಮನ್ನು ಹಚ್ಚಿಕೊಂಡಿದ್ದಾರೆಂದು ಕೇಳಿ ನನಗೆ ಮತ್ತೊಮ್ಮೆ ಹೊಟ್ಟೆ ಉರಿಯಿತು.

ಇದಾಗಿ ನಾಲ್ಕು ವರ್ಷ. ಹೋದ ವಾರ ರುಕ್ಸಾನಾಳ ಅಜ್ಜ ಕಾಲು ಊದಿದ ಆಡೊಂದನ್ನು ಹಿಡಿದು ನನ್ನ ಆಸ್ಪತ್ರೆಗೆ ಬಂದರು. ಜೊತೆಗೆ ಅವಳೂ ಇದ್ದಳು—ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ, ಮುಖ ಸ್ವಲ್ಪ ಬಾತಿದೆ. ಇನ್ನೂ ತಿಂಗಳಿಗೊಮ್ಮೆ ಕಲಬುರಗಿಗೆ ಹೋಗಬೇಕಂತೆ.

"ಆ ಡಾಕ್ಟರ್ ಬಾಯಿ ನಮ್ಮ ಕೂಸಿನ ಬಾಳ್ವೆ ಕೆಡಿಸಿ ಹೋದ್ಳ್ರಿ," ಎಂದರು ಅಜ್ಜ.

ನಾನು ಆಡಿಗೆ ಇಂಜೆಕ್ಷನ್ ಕೊಟ್ಟೆ.

ನಿನ್ನೆ ಮೇಲಧಿಕಾರಿಗೆ ಎಲ್ಲವನ್ನೂ ಬರೆದು ಸಹಿ ಮಾಡಿ ಕೊಟ್ಟೆ. ಇಂದು ಬೆಳಿಗ್ಗೆ ಮಟಕಿಗೆ ಹೋಗಿ ಆ ಅಜ್ಜನ ಮುಂದೆಯೂ ಹೇಳಿದೆ—ಬಾಯಾರದ್ದಲ್ಲ, ನನ್ನದು ಎಂದು. ಬೈಯುತ್ತಾರೆಂದುಕೊಂಡಿದ್ದೆ. ಅವರು ಅಂಗಳದಲ್ಲಿ ನಿಂತಿದ್ದ ಮೊಮ್ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು.