ಮುಖದ ಪಾಸು

ಅವಳ ಬೆರಳ ತುದಿಗಳು ಹೊಳೆಯ ಕಲ್ಲಿನ ಹಾಗೆ ನುಣ್ಣಗಿದ್ದವು. ಗೆರೆ ಅಂತ ಒಂದೂ ಇರಲಿಲ್ಲ. ಸಣ್ಣ ವಯಸ್ಸಿಗೇ ಗೇರುಬೀಜದ ಕಾರ್ಖಾನೆಗೆ ಬಂದವಳು. ಬೀಜ ಒಡೆದೂ ಒಡೆದೂ ಅದರ ಸೊನೆ ಕೈಯ ಚರ್ಮವನ್ನು ಸುಟ್ಟು ಹಾಕಿತ್ತು. ಒಡೆಯುವುದಕ್ಕೆ ಯಂತ್ರ ಬಂದ ಮೇಲೆ ಅವಳನ್ನು ನಮ್ಮ ಸಿಪ್ಪೆ ತೆಗೆಯುವ ಶೆಡ್ಡಿಗೆ ಕಳಿಸಿದರು. ಹಳೆಯ ಒಡೆಯುವವರಲ್ಲಿ ಉಳಿದವಳು ಅವಳೊಬ್ಬಳೇ. ನನ್ನ ಪಕ್ಕ ಕೂತಳು. ನನಗಿಂತ ದೊಡ್ಡವಳು, ಅಕ್ಕ ಅಂತ ಕರೆದೆ. ಅದೇ ಉಳಿಯಿತು.

ಮದುವೆ ಆದವಳಲ್ಲ. ವಂಡ್ಸೆಯಲ್ಲಿ ತಮ್ಮನ ಮನೆಯಲ್ಲಿದ್ದಳು. ಬಸ್ಸಿನಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಶೆಡ್ಡಿನಲ್ಲಿ ಬುಟ್ಟಿ ಎದುರಿಗೆ ಬಂತೋ, ಶುರು. ಬೀಜದ ಸಿಪ್ಪೆಯ ಜೊತೆ ಊರವರ ಸಿಪ್ಪೆಯನ್ನೂ ತೆಗೆಯುತ್ತಿದ್ದಳು.

"ಸ್ವಲ್ಪ ಬಾಯ್ ಮುಚ್ಚ್ ಅಕ್ಕಾ, ಕೆಮಿ ನೋಯ್ತ್" ಅಂದರೆ, "ಮನಿಯಗೆ ಮಾತಾಡಿರೆ ಕೇಂಬುಕೆ ಯಾರಿದ್ರ್ ಹೆಣೆ? ಹೆಂಚಿಗ್ ಹೇಳ್ಕಾ?" ಅನ್ನುತ್ತಿದ್ದಳು. ಅವಳು ಕಾರ್ಖಾನೆಗೆ ಬರುತ್ತಿದ್ದದ್ದು ಸಂಬಳಕ್ಕಿಂತ ಹೆಚ್ಚಾಗಿ ನಾವು ಹೆಂಗಸರು ಕೂತು ಮಾತಾಡುವ ಆ ಸಾಲಿಗೆ. ಇದು ನನಗೆ ಗೊತ್ತಿತ್ತು. ಮೇಸ್ತ್ರಿಗೂ ಗೊತ್ತಿತ್ತು.

ನನಗೆ ಸಕ್ಕರೆ ಕಾಯಿಲೆ. ಉಚ್ಚೆ ತಡೆಯಲಿಕ್ಕೆ ಆಗುವುದಿಲ್ಲ. ಪಾಯಿಖಾನೆಯ ಕೀಲಿ ಮೇಸ್ತ್ರಿಯ ಕಿಸೆಯಲ್ಲಿ. ಎಲ್ಲರ ಎದುರು ಹೋಗಿ ಕೇಳಬೇಕು. "ಹ್ವಾಯ್ ಅಜ್ಜಿ, ಈಗಷ್ಟೇ ಹೋಯ್ ಬಂದದ್ದಲ್ದಾ? ಎಂತ, ಅಲ್ಲೇ ಮನಿ ಕಟ್ತ್ರ್ಯಾ?" ಅಂತ ಅವನು ದೊಡ್ಡ ದನಿಯಲ್ಲಿ ಕೇಳುವನು. ಒಂದು ದಿನ ಆ ಮಾತಿಗೆ ಹೆದರಿ ಹೋಗದೆ ಕೂತೆ. ಕೂತಲ್ಲೇ ಸೀರೆ ಒದ್ದೆಯಾಯಿತು. ನಾನು ಬಾಯಿ ಬಿಡುವ ಮೊದಲೇ ಅಕ್ಕ ತನ್ನ ಚೊಂಬಿನ ನೀರನ್ನು ಪೂರ್ತಿ ನನ್ನ ಮಡಿಲಿಗೆ ಸುರಿದಳು. "ಅಯ್ಯೋ, ಕೈ ಜಾರ್ತ್ ಮಾರಾಯ್ತಿ! ನಂಗೆ ಕಣ್ಣೇ ಕಾಂತಿಲ್ಲ!" ಅಂತ ಶೆಡ್ಡಿಗೆ ಕೇಳುವ ಹಾಗೆ ಕೂಗಿದಳು. ಎಲ್ಲರೂ ಅವಳನ್ನು ನೋಡಿ ನಕ್ಕರು. ನನ್ನನ್ನು ಯಾರೂ ನೋಡಲಿಲ್ಲ.

ಅದಾಗಿ ಸ್ವಲ್ಪ ಸಮಯಕ್ಕೆ, ನಮ್ಮ ಬೀಜ ಕೊಳ್ಳುವ ದೊಡ್ಡ ಕಂಪನಿಯ ಕಡೆಯಿಂದ ಒಬ್ಬಳು ಹುಡುಗಿ ಬಂದಳು. ಹೆದರಿಕೆ ಇಲ್ಲದೆ ದೂರು ಕೊಡಲಿಕ್ಕೆ ಎಲ್ಲರ ಫೋನಿಗೂ ಒಂದು ಪಾಸು ಹಾಕಿ ಕೊಟ್ಟಳು. "ಇವರು ಇಲ್ಲಿ ಕೆಲಸ ಮಾಡುವವರು ಹೌದು ಅಂತ ಮಾತ್ರ ಈ ಪಾಸು ಸಾಕ್ಷಿ ಹೇಳ್ತದೆ ಅಮ್ಮಾ. ಯಾರು ಅಂತ ಹೇಳುವುದಿಲ್ಲ. ಇದು ಗಣಿತದಲ್ಲಿ ಮಾಡಿದ ಬೀಗ. ಹೆಸರು ನಮಗೂ ಸಿಕ್ಕುವುದಿಲ್ಲ" ಅಂದಳು. ಅವಳು ಸುಳ್ಳು ಹೇಳಲಿಲ್ಲ. ಹೆಸರು ಕೊನೆಯವರೆಗೂ ಹೊರಗೆ ಬರಲಿಲ್ಲ.

ಪಾಸು ತೆಗೆಯಲಿಕ್ಕೆ ಹೆಬ್ಬೆಟ್ಟು ಒತ್ತಬೇಕು. ನಮ್ಮದೆಲ್ಲ ಒತ್ತಿದ ಕೂಡಲೇ ಬಂತು. ಅಕ್ಕನದು ಬರಲಿಲ್ಲ. ಹುಡುಗಿ ಅವಳ ಬೆರಳನ್ನು ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಒತ್ತಿಸಿದಳು.

"ಉಜ್ಜಿರೆ ಬತ್ತಿಲ್ಲ ಮಗಾ. ಅದನ್ನ್ ಬೀಜ ತಿಂದ್ ಆಯ್ತ್."

"ತೊಂದರೆ ಇಲ್ಲ ಅಮ್ಮಾ, ನಿಮಗೆ ಮುಖದ ಪಾಸು ಮಾಡಿ ಕೊಡ್ತೇನೆ" ಅಂತ ಅವಳ ಮುಖದ ಪಟ ತೆಗೆದಳು. ಅಷ್ಟು ಜನರಲ್ಲಿ ಮುಖದ ಪಾಸು ಅವಳೊಬ್ಬಳದೇ. ಅದು ಅಪಾಯ ಅಂತ ಯಾರಿಗೂ ಹೊಳೆಯಲಿಲ್ಲ. ಹುಡುಗಿಗೂ ಹೊಳೆಯಲಿಲ್ಲ.

ಮುಂದಿನ ವಾರ ಮೇಸ್ತ್ರಿ ಫೋನ್ ಹಿಡಿದುಕೊಂಡು ಶೆಡ್ಡಿನ ಮಧ್ಯೆ ನಿಂತು, ಕಂಪನಿಯವರು ಕಾರ್ಖಾನೆಗೆ ಕಳಿಸಿದ ದೂರನ್ನು ಓದಿದ. "ಹೆಂಗಸರನ್ನು ಪಾಯಿಖಾನೆಗೆ ಬಿಡುವುದಿಲ್ಲ. ದೂರು ಕೊಟ್ಟವರು, ಕಾರ್ಖಾನೆಯ ಕೆಲಸದವರು. ಪಾಸು, ಮುಖದ್ದು." ಆಮೇಲೆ ನಕ್ಕ. "ಹೆಸ್ರೇ ಇಲ್ಲ ಕಾಣಿ. ಮುಖದ ಪಾಸ್ ಇಪ್ಪುದ್ ಯಾರಿಗಪ್ಪ?"

ನಾವೆಲ್ಲ ಒಟ್ಟಿಗೇ ಅಕ್ಕನ ಕಡೆ ತಿರುಗಿದೆವು. ಬೇಕಂತ ನೋಡಿದ್ದಲ್ಲ, ಕಣ್ಣು ತಾನೇ ಹೋಯಿತು. ಎಲ್ಲರಿಗೂ ಬಿಳಿ ಮುಸುಕು ಹಾಕಿ ಒಬ್ಬಳಿಗೆ ಮಾತ್ರ ಕೆಂಪು ಮುಸುಕು ಹಾಕಿದರೆ, ಮುಖ ಮುಚ್ಚಿ ಏನು ಬಂತು? ಈಗ ಯಾರಾದರೂ ನನಗೆ "ಹೆಸರು ಬರುವುದಿಲ್ಲ" ಅಂದರೆ ನಾನು ಕೇಳುವುದು ಒಂದೇ: ನನ್ನಂಥವರು ಅದರಲ್ಲಿ ಎಷ್ಟು ಜನ ಇದ್ದಾರೆ?

ದೂರು ಕೆಲಸ ಮಾಡಿತು. ಪಾಯಿಖಾನೆಯ ಬೀಗ ತೆಗೆಸಿದರು. ಅಕ್ಕನನ್ನು ಕೆಲಸದಿಂದ ಬಿಡಿಸಲಿಲ್ಲ. ಬಿಡಿಸಿದರೆ ಕಂಪನಿಯವರು ಕೇಳುತ್ತಾರೆ. ಹಿಂದಿನ ಗೋದಾಮಿನಲ್ಲಿ ಖಾಲಿ ಗೋಣಿ ಕೊಡವಿ ಮಡಚುವ ಕೆಲಸಕ್ಕೆ ಹಾಕಿದರು. ಅದೇ ಸಂಬಳ, ಅದೇ ಹೊತ್ತು. ಅಲ್ಲಿ ಬೇರೆ ಯಾರೂ ಇಲ್ಲ.

ಊಟದ ಹೊತ್ತಿಗೆ ನನ್ನ ಬುತ್ತಿ ಹಿಡಿದುಕೊಂಡು ಅಲ್ಲಿಗೇ ಹೋದೆ.

"ಇಲ್ಲಿಗ್ ಎಂತಕ್ ಬಂದೆ? ನಿನ್ನನ್ನೂ ಇಲ್ಲೇ ಹಾಕ್ತ."

"ಹಾಕ್ಲಿ. ನಂಗ್ ಒಂದ್ ಮಾತ್ ಹೇಳುಕ್ ಆಯ್ಲಿಲ್ಯಾ ನಿಂಗೆ?"

"ಹೇಳಿರೆ ನೀನ್ ಮರ್ಕಂಡ್ ಬೇಡ ಅಂತಿದ್ದೆ. ಊಟ ಮಾಡ್."

ಅತ್ತು ಬೇಡ ಅನ್ನುತ್ತಿದ್ದೆ, ನಿಜ.

ದಿನಾ ಹೋಗುತ್ತಿದ್ದೆ. ಆದರೆ ಅವಳ ಮಾತು ಸಣ್ಣದಾಗುತ್ತಾ ಹೋಯಿತು. "ಎಂತ ಅಕ್ಕಾ, ಸುದ್ದಿಯೇ ಇಲ್ಯಾ?" ಅಂದರೆ, "ಗೋಣಿ ಎಂತ ಸುದ್ದಿ ಹೇಳ್ತ್ ಹೆಣೆ?" ಅನ್ನುವಳು. ಕೊನೆಕೊನೆಗೆ ಇಬ್ಬರೂ ಸುಮ್ಮನೆ ಉಂಡು ಏಳುತ್ತಿದ್ದೆವು. ಆಮೇಲೆ ನನಗೆ ಕಣ್ಣು ಮಂಜಾಗಿ ಕೆಲಸ ಬಿಟ್ಟೆ. ಹಟ್ಟಿಯಂಗಡಿಯ ನನ್ನ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಇದ್ದಾರೆ. ಬಾಯಿ ಮುಚ್ಚು ಅಂತ ಹೇಳಬೇಕಾದವರು ಯಾರೂ ಇಲ್ಲ.

ಅವಳು ಸತ್ತ ಸುದ್ದಿ ನನಗೆ ಸಿಕ್ಕಿದ್ದು ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದ ಮೇಲೆ. ಆದರೂ ವಂಡ್ಸೆಗೆ ಹೋದೆ. ತಮ್ಮನ ಹೆಂಡತಿ ಬಾಗಿಲಿಗೆ ಬಂದಳು.

"ಯಾರಂತ ಗೊತ್ತಾಯ್ಲಿಲ್ಲ."

"ಕಾರ್ಖಾನಿಯಗೆ ಅವ್ಳ್ ಪಕ್ಕ ಕೂಕಂತಿದ್ದೆ."

"ಹೌದಾ? ಅತ್ತಿಗಿ ಯಾರ್ ಸುದ್ದಿನೂ ಹೇಳಿದ್ದಿಲ್ಲ. ಅವ್ರಿಗೆ ಮಾತೇ ಕಮ್ಮಿ."

ಮಾತೇ ಕಮ್ಮಿಯಂತೆ. ಬೆಲ್ಲ ನೀರು ಕೊಟ್ಟಳು, ಕುಡಿದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ಮನೆಯ ಗಂಡಸರೆಲ್ಲ ಜಗಲಿಯಲ್ಲೇ ಕೂತಿದ್ದರು. ಅವರ ಎದುರಿಗೇ, ಪಾಯಿಖಾನೆ ಎಲ್ಲಿ ಅಂತ ಗಟ್ಟಿಯಾಗಿ ಕೇಳಿದೆ.