ಗಂಡು ಎಂದು ಬರೆದ ಸಂಜೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಜೈಲೊಂದರಲ್ಲಿ ಗುಮಾಸ್ತ. ಹೊಸದಾಗಿ ಬಂದವರ ವಿವರ ಬರೆದುಕೊಂಡು, ಗಂಡಸರ ಬ್ಯಾರಕ್ಕಿಗೋ ಹೆಂಗಸರ ಕಡೆಗೋ ಕಳಿಸುವುದು ನನ್ನ ಕೆಲಸ. ಮನೆ ಬನಶಂಕರಿಯಲ್ಲಿ. ಐದೂವರೆ ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಮುಕ್ಕಾಲು ಗಂಟೆ ಕಾಯಬೇಕು. ಆ ಬಸ್ಸಿನ ಮೇಲೆ ನನಗೆ ದೇವರಿಗಿಂತ ಹೆಚ್ಚು ಭಕ್ತಿ ಇತ್ತು.

ಒಂದು ಸಂಜೆ ಪೊಲೀಸರು ಬೀದಿ ಗಲಾಟೆಯ ಕೇಸಿನಲ್ಲಿ ಒಬ್ಬಳನ್ನು ತಂದರು. ಈಗ ಮಂಗಳಮುಖಿ ಎನ್ನುತ್ತೇವೆ. ಆಗ ಏನನ್ನುತ್ತಿದ್ದೆವೋ ಅದನ್ನು ಬರೆಯಲು ನಾಚಿಕೆ. ನೋಡಿದ ತಕ್ಷಣ ಗುರುತು ಹತ್ತಿತು. ನನ್ನ ಮಗಳು ಹುಟ್ಟಿದಾಗ ಮನೆಗೆ ಬಂದು, ಮಗುವನ್ನು ಮಡಿಲಿಗೆ ಹಾಕಿಕೊಂಡು ಹರಸಿ, ದೃಷ್ಟಿ ತೆಗೆದವಳು. ಸೊಂಟದವರೆಗಿನ ಜಡೆ. ಕೋರ್ಟಿನ ಕಾಗದದಲ್ಲಿ ಮಾತ್ರ ಅಪ್ಪ ಇಟ್ಟ ಗಂಡು ಹೆಸರು.

"ಅಣ್ಣ, ಹೆಂಗಸರ ಕಡೆ ಹಾಕ್ಸಿ. ಗಂಡಸ್ರ ಕಡೆಯೋರು ನನ್ನ ಬಿಡಲ್ಲ. ಕೂದ್ಲೂ ತೆಗೆದುಬಿಡ್ತಾರೆ," ಅಂದಳು. ಗಂಡು ಕೈದಿಗಳ ತಲೆಯನ್ನು ಮೊದಲ ದಿನವೇ ಬೋಳಿಸುವುದು ನಮ್ಮಲ್ಲಿ ಪದ್ಧತಿ, ಹೇನಿನ ನೆಪ.

ಅನುಮಾನವಿದ್ದವರನ್ನು ಆಫೀಸಿನ ಪಕ್ಕದ ಕೋಣೆಯಲ್ಲಿ ಕೂಡಿಸಿ, ಬೆಳಿಗ್ಗೆ ಸಾಹೇಬರನ್ನು ಕೇಳಬಹುದಿತ್ತು. ಹಾಗೆ ಮಾಡಿದ್ದೂ ಉಂಟು. ಆದರೆ ಅದಕ್ಕೆ ಬೇರೆ ಕಾಗದ ಬರೆಯಬೇಕು, ಕಾವಲಿಗೆ ವಾರ್ಡರನ್ನು ಹುಡುಕಬೇಕು. ಗಂಟೆ ಐದು ಇಪ್ಪತ್ತಾಗಿತ್ತು. ಗಂಡು ಎಂದು ಬರೆದೆ. ಕಾಗದದಲ್ಲಿರೋದನ್ನೇ ಬರೀಬೇಕಮ್ಮ ಅಂದೆ. ಅಮ್ಮ ಅಂತಲೇ ಅಂದೆ. ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಮಾರನೆಯ ದಿನ ಕಸದ ಬುಟ್ಟಿಯಲ್ಲಿ ಜಡೆ ಹೆಣೆದ ಹಾಗೇ ಬಿದ್ದಿತ್ತು. ಬ್ಯಾರಕ್ಕಿನಲ್ಲಿ ಏನಾಯಿತೆಂದು ವಾರ್ಡರೊಬ್ಬ ನಗುತ್ತಾ ಹೇಳಲು ಬಂದ. ನಾನು ಎದ್ದು ಹೋದೆ. ಅದು ಮರ್ಯಾದೆಯಲ್ಲ, ಹೇಡಿತನ. ಇಪ್ಪತ್ತು ದಿನ ಅವಳು ಅಲ್ಲೇ ಇದ್ದಳು. ನಿಯಮ ಬದಲಿಸುವ ಅಧಿಕಾರ ನನಗಿರಲಿಲ್ಲ, ನಿಜ. ಒಂದು ದಿನ ತಡೆಯುವ ಅಧಿಕಾರ ಇತ್ತು.

ಬಿಡುಗಡೆಯಾದ ಮೇಲೆ ಒಂದು ಶುಕ್ರವಾರ ಬನಶಂಕರಿ ದೇವಸ್ಥಾನದ ಮುಂದೆ ಸಿಕ್ಕಳು. ನಿಂಬೆಹಣ್ಣಿನ ದೀಪ ಹಚ್ಚಿ ಬಂದಿದ್ದ ನನ್ನ ಹೆಂಡತಿ, ಏನೂ ತಿಳಿಯದೆ, ಹರಸಲೆಂದು ಮಗುವನ್ನು ಅವಳ ಕೈಗಿಟ್ಟಳು. ಮಗು ಆಡುತ್ತಾ ಅವಳ ತಲೆಯ ಸೆರಗು ಎಳೆಯಿತು. ಬೋಳಿಸಿದ ತಲೆಯಲ್ಲಿ ಮೋಟು ಕೂದಲು, ಕಿವಿಯ ಮೇಲೆ ಒಣಗಿದ ಗಾಯ. ಏನಾಯ್ತೆಂದು ಹೆಂಡತಿ ಗಾಬರಿಯಿಂದ ಕೇಳಿದಳು.

ಅವಳು ಸೆರಗು ಸರಿಮಾಡಿಕೊಂಡು, ಎಂದಿನಂತೆ ದೃಷ್ಟಿ ತೆಗೆದು, ನನ್ನನ್ನು ಕೇಳಿದಳು: "ಮಗೂನ ಹೆಣ್ಣು ಅಂತಾನೇ ಬರೆಸಿದೀರಲ್ಲ, ಅಣ್ಣ?"

ಹೌದೆಂದೆ.

"ಅಷ್ಟು ಸಾಕು ಬಿಡಿ. ಎಲ್ಲಿಗೆ ಹೋದ್ರೂ ಹೆಂಗಸರ ಜೊತೆ ಇರ್ತಾಳೆ."

ನಾನು ಕೈ ಚಾಚಿದ್ದೆ. ಮಗುವನ್ನು ನನಗೆ ಕೊಡದೆ ಹೆಂಡತಿಯ ಕೈಗೆ ಕೊಟ್ಟು ಹೋದಳು.